ಕುಂದ್ರೂ ಪಾಲಕ

ಚಳಿಗಾಲದ ಬೆಳಗಿನಲ್ಲಿ ಕೃಷ್ಣೆಯ ಕಡೆಯಿಂದ ಮಂಜು ಎದ್ದು ಬಂದು ಕಬ್ಬಿನ ಮೇಲೆ ಮಲಗಿಬಿಡುತ್ತದೆ. ಆಗ ಅಂಕಲಿಯ ತೋಟಗಳಲ್ಲಿ ಮನೆ ಕಾಣುವುದಿಲ್ಲ, ಹಾದಿ ಕಾಣುವುದಿಲ್ಲ, ಎದುರಿಗೆ ಬಂದವರ ಮುಖವೂ ತೀರ ಹತ್ತಿರವಾಗುವ ತನಕ ಕಾಣುವುದಿಲ್ಲ. ಆ ಬಿಳುಪಿನ ಒಳಗಿನಿಂದ ಮೊದಲು ಒಂದು ಧ್ವನಿ ಬರುತ್ತಿತ್ತು.

"ಮೇಥೀ... ಕ್ವತಂಬ್ರೀ... ಪಾಲಾಽಕ!"

ಧ್ವನಿಯ ಹಿಂದೆ ಬುಟ್ಟಿ, ಬುಟ್ಟಿಯ ಕೆಳಗೆ ಸಕ್ಕುಬಾಯಿ, ಸಕ್ಕುಬಾಯಿಯ ಸೆರಗಿನ ತುದಿಯಲ್ಲಿ ಅವಳ ಮಗಳು ಭಾಗ್ಯಾ. ಈ ಕ್ರಮದಲ್ಲಿಯೇ ಅವರು ಮಂಜಿನಿಂದ ಹೊರಗೆ ಬರುತ್ತಿದ್ದರು. ಹಾಗೆ ಬರುವುದನ್ನು ನೋಡುತ್ತ ನಿಂತಾಗ, ನದಿಯೇ ಅವರನ್ನು ಆಗ ತಾನೆ ಮಾಡಿ ಕಳಿಸಿದೆಯೇನೋ ಎಂದು ನನಗೆ ಅನ್ನಿಸುತ್ತಿತ್ತು.

ನಮ್ಮ ಭಾಗದಲ್ಲಿ ಊರೊಳಗೆ ಎಷ್ಟು ಜನರೋ ತೋಟಗಳಲ್ಲಿಯೂ ಅಷ್ಟೇ ಜನ. ಹೊಲದ ನಡುವೆ ಮನೆ ಕಟ್ಟಿಕೊಂಡು ಇರುವವರ ಮಕ್ಕಳಿಗಾಗಿ ಅಲ್ಲಿಯೇ ತೋಟದ ಶಾಲೆಗಳಿವೆ. ನಾನು ನನ್ನ ಮಾಸ್ತರಿಕೆಯ ಕೊನೆಯ ವರ್ಷಗಳನ್ನು ಕಳೆದದ್ದು ಅಂಥದೊಂದು ಕನ್ನಡ ಶಾಲೆಯಲ್ಲಿ. ಎರಡು ಕೋಣೆ, ಒಂದು ಬೇವಿನ ಮರ, ಮೂರು ಕಡೆಗೂ ಕಬ್ಬು. ಒಂದನೆಯ, ಎರಡನೆಯ ಮತ್ತು ಮೂರನೆಯ ಇಯತ್ತೆಯ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಕೂತು ಕಲಿಯುತ್ತಿದ್ದರು. ಆ ಕೋಣೆ ನನ್ನದು.

ಸಕ್ಕುಬಾಯಿ ಹುಟ್ಟಿದ್ದು ಹೊಳೆಯ ಆಚೆ, ಕುರುಂದವಾಡದ ಕಡೆ. ಅವಳ ಮನೆಯ ಮಾತು ಮರಾಠಿ. ರಾವಸಾಹೇಬನನ್ನು ಮದುವೆಯಾಗಿ ಈ ತೋಟಕ್ಕೆ ಬಂದಾಗ ಅವಳಿಗೆ ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲವಂತೆ. ಗಂಡನ ಮನೆಯಲ್ಲಿಯೂ ಒಳಗಿನ ಮಾತು ಮರಾಠಿಯೇ, ಕನ್ನಡ ಹೊರಗಿನವರ ಜೊತೆಗೆ ಮಾತ್ರ. ರಾವಸಾಹೇಬ ಕಬ್ಬಿನ ಹಂಗಾಮಿನಲ್ಲಿ ಕಾರಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಸಕ್ಕುಬಾಯಿ ಬಾವಿಯ ಬದಿಯಲ್ಲಿದ್ದ ಸಣ್ಣ ತುಂಡಿನಲ್ಲಿ ತಪ್ಪಲಪಲ್ಯ, ಅಂದರೆ ಸೊಪ್ಪು, ಬೆಳೆದು, ಬುಟ್ಟಿಯಲ್ಲಿ ತುಂಬಿಕೊಂಡು, ತೋಟದಿಂದ ತೋಟಕ್ಕೆ ಮಾರುತ್ತಿದ್ದಳು. ಅವಳಿಗೆ ಕನ್ನಡ ಕಲಿಸಿದ್ದು ಆ ಬುಟ್ಟಿಯೇ. ಎಳೆಯದು, ಬಲಿತದ್ದು, ಈಗ ಕಿತ್ತದ್ದು, ನಾಳೆ ತರುವಂಥದ್ದು, ಇಷ್ಟಕ್ಕೆ ಬೇಕಾದ ಮಾತೆಲ್ಲ ಅವಳ ಬಾಯಲ್ಲಿತ್ತು. ಅದರಾಚೆಗಿನ ಮಾತು ಬಂದರೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕುಬಿಡುತ್ತಿದ್ದಳು.

ನಾವು ಶಾಲೆಯ ಸಮೀಪದಲ್ಲಿಯೇ ಮನೆ ಮಾಡಿದ್ದೆವು. ನನ್ನ ಹೆಂಡತಿಗೂ ಅವಳಿಗೂ ಬಾಗಿಲಲ್ಲಿ ದಿನವೂ ಒಂದು ಸಣ್ಣ ಜಗಳ ನಡೆಯಬೇಕು.

"ಏನ ಸಕ್ಕುಬಾಯಿ, ಪಾಲಕ ಬಾಡೇತಲ್ಲ?"

"ಬಾಡಿಲ್ರಿ ವೈನಿ. ನಿದ್ದಿ ಹತ್ತೇತಿ ಅದಕ್ಕ. ನೀರ ಹೊಡೀರಿ, ಎದ್ದ ಕುಂದ್ರತೈತಿ."

ಹೇಳಿದವಳೇ ತನ್ನ ತಂಬಿಗೆಯಲ್ಲಿ ಬೆರಳದ್ದಿ ಸೊಪ್ಪಿನ ಸೂಡಿನ ಮೇಲೆ ಚಿಮುಕಿಸುವಳು. ಸೆರಗು ಹಿಡಿದು ನಿಂತ ಭಾಗ್ಯಾ ಆ ಹನಿಗಳನ್ನು ನೋಡುವಳು. ಆಮೇಲೆ ತಾಯಿ ಅವಳನ್ನು ಶಾಲೆಯ ಬಾಗಿಲಲ್ಲಿ ಬಿಟ್ಟು ಮುಂದಿನ ತೋಟಕ್ಕೆ ಹೋಗುವಳು.

ಕೊರೊನಾ ಮುಗಿದು ಶಾಲೆಗಳು ಮತ್ತೆ ಸರಿಯಾಗಿ ನಡೆಯತೊಡಗಿದ ವರ್ಷ ಅದು. ಒಂದನೆಯ ಇಯತ್ತೆಗೆ ಬಂದ ಮಕ್ಕಳು ಕೆಲವು ದಿನ ಅತ್ತವು, ಕೆಲವು ದಿನ ಓಡಿಹೋದವು, ಕೊನೆಗೆ ಹೊಂದಿಕೊಂಡವು. ಭಾಗ್ಯಾ ಅಳಲಿಲ್ಲ, ಓಡಲಿಲ್ಲ, ಮಾತನ್ನೂ ಆಡಲಿಲ್ಲ. ಮಳೆಗಾಲ ಕಳೆಯಿತು, ದೀಪಾವಳಿ ಕಳೆಯಿತು, ಶಾಲೆಯಲ್ಲಿ ಅವಳ ಬಾಯಿಂದ ಒಂದು ಶಬ್ದವೂ ಹೊರಡಲಿಲ್ಲ. ಮನೆಯಲ್ಲಿ ಮರಾಠಿಯಲ್ಲಿ ಅರಳು ಹುರಿದಂತೆ ಮಾತನಾಡುತ್ತಾಳೆಂದು ರಾವಸಾಹೇಬ ಹೇಳುತ್ತಿದ್ದ. ನಮ್ಮ ಕೋಣೆಯಲ್ಲಿ ಅವಳು ಬಾಗಿಲ ಹತ್ತಿರ ಕೂತು, ದೂರವಾಗುತ್ತಿದ್ದ ತಾಯಿಯ ಕೂಗನ್ನು ಕೇಳುತ್ತಿದ್ದಳು. ಕೂಗು ಕಬ್ಬಿನಲ್ಲಿ ಕರಗಿಹೋದ ಮೇಲೂ ಅವಳ ಕಿವಿ ಮಾತ್ರ ಹೊರಗೇ ಇರುತ್ತಿತ್ತು.

ಆ ಹೊತ್ತಿಗೆ ಪಾಲಕರ ಸಭೆ ಕರೆಯಬೇಕೆಂದು ಮೇಲಿನಿಂದ ಕಾಗದ ಬಂದಿತು. ಪಾಲಕರ ಸಭೆಯೆಂದರೆ ನಮ್ಮಲ್ಲಿ ಖಾಲಿ ಜಮಖಾನೆ. ಕಬ್ಬು ಕಡಿಯುವ ಕಾಲದಲ್ಲಿ ಯಾರು ಬರುತ್ತಾರೆ? ಆದರೂ ನಾನು ಮಕ್ಕಳಿಗೆ, "ನಾಳೆ ಎಲ್ಲಾರೂ ನಿಮ್ಮ ಪಾಲಕರನ್ನ ಕರಕೊಂಡ ಬರ್ರಿ" ಎಂದು ಹೇಳಿದೆ. ಕಾಗದದಲ್ಲಿದ್ದ ಶಬ್ದ, ನಾಲಿಗೆಗೆ ರೂಢಿಯಾಗಿತ್ತು.

ಭಾಗ್ಯಾಳಿಗೆ ಆ ವಾಕ್ಯದಲ್ಲಿ ತಿಳಿದದ್ದು ಒಂದೇ ಶಬ್ದ. ಅದನ್ನು ಅವಳು ದಿನವೂ ತಾಯಿಯ ಬಾಯಿಂದ ಕೇಳುತ್ತಿದ್ದಳು. ಮನೆಗೆ ಓಡಿ, "ಆಯೀ, ಗುರುಜೀನಿ ಪಾಲಕ ಆಣಾಯಲಾ ಸಾಂಗಿತಲಂಯ" ಎಂದಳಂತೆ. ಗುರುಗಳು ಪಾಲಕ ತರಲು ಹೇಳಿದ್ದಾರೆ.

ಮರುದಿನ ಸಭೆಗೆ ನಾಲ್ಕಾರು ಜನ ಬಂದು ಕೂತಿದ್ದರು. ಶಾಲಾ ಸಮಿತಿಯ ಅಧ್ಯಕ್ಷ ಆಬಾಸಾಹೇಬರು ಮಾತು ಶುರು ಮಾಡುವುದರಲ್ಲಿದ್ದರು. ಅವರದು ಹಳೆಯ ಜೈನ ಒಕ್ಕಲುತನದ ಮನೆ. ದೊಡ್ಡ ಮನುಷ್ಯರು, ಆದರೆ ಚೇಷ್ಟೆಯ ನಾಲಿಗೆ. ಅಷ್ಟರಲ್ಲಿ ಸಕ್ಕುಬಾಯಿ ಬಾಗಿಲಲ್ಲಿ ಬಂದು ನಿಂತಳು. ತಲೆಯ ಮೇಲೆ ಬುಟ್ಟಿ. ಬುಟ್ಟಿಯ ತುಂಬ ಆರಿಸಿ, ತೊಳೆದು, ಬೇರು ಕತ್ತರಿಸಿ ಕಟ್ಟಿದ ಪಾಲಕದ ಸೂಡುಗಳು. ನೀರು ತೊಟ್ಟಿಕ್ಕುತ್ತಿತ್ತು.

"ಗುರುಜಿ, ಪಾಲಕ ತಂದೇನ್ರಿ. ಇಷ್ಟ ಸಾಕೇನ್ರಿ ಸಾಲಿಗೆ?"

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಮೊದಲು ತಿಳಿದದ್ದು ಆಬಾಸಾಹೇಬರಿಗೆ.

"ನೋಡ್ರೆಪಾ! ಚಾತುರ್ಮಾಸ ಮುಗದೇತಿ, ಜೈನ್ರು ತಪ್ಪಲ ತಿನ್ನಾಕ ಚಾಲೂ ಮಾಡ್ಯಾರ ಅಂತ ಪಾಲಕ ತಾನs ಹುಡಿಕ್ಯಾಡಕೋತ ಬಂದೇತಿ!" ಎಂದು ಅವರು ತೊಡೆ ತಟ್ಟಿ ನಕ್ಕರು. "ಅಲ್ಲ ತಂಗೀ, ಪಾಲಕ ಅಂದ್ರ ನೀನs ಬೇ! ಪೋರೀ ಅವ್ವ! ಬುಟ್ಟಿ ಇಳಿಸಿ ನೀ ಕುಂದರ ಬಾ!"

ಕೋಣೆಯೆಲ್ಲ ನಕ್ಕಿತು. ಸಕ್ಕುಬಾಯಿಯೂ ಸೆರಗಿನ ಹಿಂದೆ ನಕ್ಕಳು. ಸೂಡುಗಳನ್ನು ಬಿಸಿಯೂಟದ ಅಡುಗೆಯವರಿಗೆ ಕೊಟ್ಟಳು, ಕೊಟ್ಟು ತಿರುಗಿ ನೋಡದೆ ಹೊರಟುಹೋದಳು. ಆ ಮಧ್ಯಾಹ್ನ ಬೇಳೆಯೊಳಗೆ ಪಾಲಕ ಬಿದ್ದು, ಮಕ್ಕಳು ಬೆರಳು ನೆಕ್ಕಿ ಉಂಡರು. ಭಾಗ್ಯಾ ಮಾತ್ರ ತಾಟಿನ ಮುಂದೆ ಹಾಗೆಯೇ ಕೂತಿದ್ದಳು.

ಅಂದಿನಿಂದ ಸಕ್ಕುಬಾಯಿ ತನ್ನ ಹಾದಿ ಬದಲಿಸಿದಳು. ಮಗಳನ್ನು ಕಾಲುವೆಯ ತಿರುವಿನಲ್ಲಿಯೇ ಬಿಟ್ಟು ಆಚೆಯಿಂದಾಚೆಗೆ ಹೋಗುತ್ತಿದ್ದಳು. ಮಂಜಿನೊಳಗೆ ಕೂಗು ದೂರದಲ್ಲಿ ಕೇಳಿಸುವುದು, ಬಳಿಗೆ ಬಾರದು. ಹುಡುಗರು ಭಾಗ್ಯಾಳನ್ನು ಕಂಡು "ಪಾಲಕ ಬಂತು, ಪಾಲಕ ಬಂತು" ಎಂದು ಕಾಡಿದರು. ನಾನು ಗದರಿಸಿದರೆ ನಿಲ್ಲಿಸುವರು, ತಿರುಗಿದರೆ ಮತ್ತೆ ಶುರು. ಹುಡುಗಿ ಇನ್ನಷ್ಟು ಒಳಗೆ ಸೇರಿಕೊಂಡಳು.

ಒಂದು ಸಂಜೆ ರಾವಸಾಹೇಬ ಕಬ್ಬಿನ ಟ್ರ್ಯಾಕ್ಟರನ್ನು ಹಾದಿಯಲ್ಲಿಯೇ ನಿಲ್ಲಿಸಿ ಶಾಲೆಗೆ ಬಂದ.

"ಗುರುಜಿ, ಪೋರಿ ಮುಂದಿನ ವರ್ಷ ಇಲ್ಲಿ ಇರಂಗಿಲ್ರಿ" ಎಂದ. "ನಮ್ಮ ಅವ್ವ ಹಟ ಹಿಡದಾಳ. ಕನ್ನಡ ಇಕಿ ಹಣ್ಯಾಗ ಬರದಿಲ್ಲ, ಕುರುಂದವಾಡಕ್ಕ ಸೋದರಮಾವನ ಮನೀಗೆ ಕಳಸ್ರಿ, ಮರಾಠೀ ಸಾಲ್ಯಾಗ ಬಾಯಿ ಬಿಡತಾಳ ಅಂತಾಳ. ಪರೀಕ್ಷಾ ಮುಗದ ಕೂಡ್ಲೆ ಮಾವ ಬಂದು ಒಯ್ತಾನ್ರಿ."

"ಸಕ್ಕುಬಾಯಿ ಏನಂತಾಳ?"

"ಏನಂತಾಳ್ರಿ. ರಾತ್ರಿ ಪೋರೀನ ತೆಕ್ಯಾಗ ಹಿಡಕೊಂಡs ಮಲಗತಾಳ. ನನ್ನ ಕನ್ನಡ ಸುದ್ದ ಇದ್ದಿದ್ರ ನನ್ನ ಮಗಳ ಬಾಯಿ ಹಿಂಗ್ಯಾಕ ಮುಚ್ಚತಿತ್ತು ಅಂತಾಳ."

ರಾವಸಾಹೇಬನ ತಾಯಿ ಗಂಗೂಬಾಯಿ ಮಾತು ಕೊಟ್ಟರೆ ತಪ್ಪುವವಳಲ್ಲ, ಹಟ ಹಿಡಿದರೆ ಬಿಡುವವಳೂ ಅಲ್ಲ. ಅವಳ ಲೆಕ್ಕದಲ್ಲಿ ಅದು ಮೊಮ್ಮಗಳ ಹಿತಕ್ಕಾಗಿಯೇ. ಆದರೆ ಆರು ವರ್ಷದ ಕೂಸು ಹೊಳೆ ದಾಟಿ ಹೋದರೆ ತಾಯಿಗೆ ಉಳಿಯುವುದು ಬುಟ್ಟಿಯೊಂದೇ.

ನಾನು ಯೋಚಿಸಿದೆ. ಹುಡುಗಿಯ ಕಿವಿ ಹೊರಗಿದೆ, ಆ ಕಿವಿ ಹುಡುಕುವ ಧ್ವನಿಯೂ ಹೊರಗಿದೆ. ಅದನ್ನೇ ಒಳಗೆ ತಂದರೆ? ಮರುದಿನ ಬೆಳಿಗ್ಗೆ ಕಾಲುವೆಯ ತಿರುವಿಗೆ ಹೋಗಿ ಮಂಜಿನಲ್ಲಿ ನಿಂತೆ. ಕೂಗು ಬಂತು, ಬುಟ್ಟಿ ಬಂತು, ತಾಯಿ ಮಗಳು ಬಂದರು. ನನ್ನನ್ನು ಕಂಡು ಸಕ್ಕುಬಾಯಿ ಗಕ್ಕನೆ ನಿಂತಳು.

"ಸಕ್ಕುಬಾಯಿ, ಸಾಲಿಗೆ ಪಾಲಕ ಬೇಕಾಗೇತಿ" ಎಂದೆ.

ಅವಳ ಮುಖ ಕೆಂಪಾಯಿತು. ನಾನು ಅಣಕಿಸುತ್ತಿದ್ದೇನೆಯೋ ಎಂದು ಕಣ್ಣೆತ್ತಿ ನೋಡಿದಳು. ಆಮೇಲೆ ಅವಳ ತುಟಿಯ ಕೊನೆಯಲ್ಲಿ ಏನೋ ಒಂದು ಸಡಿಲಾಯಿತು.

"ಕುಠಲಾ ಪಾಲಕ, ಗುರುಜಿ?" ಎಂದಳು. "ಯಾವ ಪಾಲಕರಿ? ತಿನ್ನೂ ಪಾಲಕೋ, ಕುಂದ್ರೂ ಪಾಲಕೋ?"

"ಕುಂದ್ರೂ ಪಾಲಕ" ಎಂದೆ. "ಬುಟ್ಟಿ ಖಾಲಿ ಆದ ಮ್ಯಾಲ ಬಾ. ಏನೂ ಮಾತಾಡಬ್ಯಾಡ. ಬರೇ ಕುಂದರು."

"ನಗ್ತಾರ್ರಿ."

"ನಗಲಿ. ನಾಕ ದಿನ ನಗತಾರ, ಆಮ್ಯಾಲ ಮರೀತಾರ."

ಅವಳು ತಲೆಯ ಮೇಲಿನ ಬುಟ್ಟಿಯನ್ನು ಸರಿಮಾಡಿಕೊಂಡು ಹೊರಟಳು. ಮಂಜು ಮತ್ತೆ ಅವಳನ್ನು ಒಳಗೆಳೆದುಕೊಂಡಿತು. ಆದರೆ ಹೊತ್ತು ಏರಿ, ಮಂಜು ಕರಗಿ, ಕಬ್ಬಿನ ಗರಿಗಳು ಮಿನುಗತೊಡಗಿದಾಗ ನಮ್ಮ ಬಾಗಿಲಲ್ಲಿ ನೆರಳು ಬಿದ್ದಿತು. ಖಾಲಿ ಬುಟ್ಟಿಯನ್ನು ಬಗಲಲ್ಲಿಟ್ಟುಕೊಂಡು ಸಕ್ಕುಬಾಯಿ ಒಳಗೆ ಬಂದು ಹಿಂದಿನ ಗೋಡೆಗೆ ಆತು ಕೂತಳು. ಬುಟ್ಟಿಯನ್ನು ಪಕ್ಕದಲ್ಲಿಟ್ಟಳು. ಭಾಗ್ಯಾ ಬಾಗಿಲ ಬಳಿಯಿಂದ ಎದ್ದು, ಯಾರೂ ಹೇಳದೆ, ಬುಟ್ಟಿಯ ಆ ಬದಿಗೆ ಹೋಗಿ ಕೂತಳು.

ಹೀಗೆ ದಿನಗಳು ನಡೆದವು. ಹುಡುಗರು ನಕ್ಕರು, ಆಮೇಲೆ ನಗುವುದನ್ನು ಮರೆತರು. ಅವಳು ಎದ್ದುಹೋದ ಮೇಲೆ ನೆಲದ ಮೇಲೆ ಬುಟ್ಟಿಯ ತಳದ ಒದ್ದೆಯ ಉಂಗುರವೊಂದು ಉಳಿಯುತ್ತಿತ್ತು. ಮಕ್ಕಳು ಅದನ್ನು ತುಳಿಯುತ್ತಿರಲಿಲ್ಲ, ಆ ಉಂಗುರವನ್ನು ಬಿಟ್ಟೇ ಕೂರುತ್ತಿದ್ದರು. ಯಾಕೆಂದು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ.

ಭಾಗ್ಯಾಳ ಕಿವಿ ಈಗ ಒಳಗಿತ್ತು. ಬಾಯಿ ಮಾತ್ರ ಇನ್ನೂ ಮುಚ್ಚಿತ್ತು. ಸಂಕ್ರಾಂತಿ ಕಳೆಯಿತು. ಕುರುಂದವಾಡದ ಮಾವನ ಮನೆಯಲ್ಲಿ ಹುಡುಗಿಗಾಗಿ ಒಂದು ಮೂಲೆ ಸಿದ್ಧವಾಗಿದೆಯೆಂದು ಸುದ್ದಿ ಬಂತು. ಸಕ್ಕುಬಾಯಿ ಬರುವುದನ್ನು ಬಿಡಲಿಲ್ಲ. ಉಳಿದ ದಿನಗಳಲ್ಲಿ ಮಗಳ ಪಕ್ಕದಲ್ಲಿ ಇಷ್ಟಾದರೂ ಕೂತೆನಲ್ಲ ಎಂಬ ಭಾವ ಅವಳ ಮುಖದಲ್ಲಿರುತ್ತಿತ್ತು.

ಒಂದು ದಿನ ಮಕ್ಕಳು ಕಾಗುಣಿತ ಹೇಳುತ್ತಿದ್ದರು. ಪ ಪಾ ಪಿ ಪೀ, ಬ ಬಾ ಬಿ ಬೀ. ಬಿಸಿಲು ಕಿಟಕಿಯಿಂದ ಇಳಿದು ನೆಲದ ಮೇಲೆ ಚಾಪೆ ಹಾಸಿತ್ತು. ದೂರದ ಗಾಣದ ಮನೆಯಿಂದ ಬೆಲ್ಲದ ವಾಸನೆ ಬರುತ್ತಿತ್ತು. ಇಳಿದು ಏರುವ ಆ ರಾಗದಲ್ಲಿ, ನಸುಕಿಗೆ ಮುಂಚೆ ಎದ್ದು ತಪ್ಪಲ ಕಿತ್ತ ಸಕ್ಕುಬಾಯಿಯ ಕಣ್ಣು ಮುಚ್ಚಿತು. ತಲೆ ಗೋಡೆಗೆ ಒರಗಿತು. ಕೈ ಸಡಿಲಾಗಿ ಬುಟ್ಟಿಯೊಳಗೆ ಬಿದ್ದಿತು. ಅವಳು ನಿದ್ದೆಹೋದದ್ದನ್ನು ಕಂಡ ಮಕ್ಕಳ ಧ್ವನಿ ತಾನಾಗಿಯೇ ಸಣ್ಣದಾಯಿತು. ನಾನೂ ಬೇಡವೆನ್ನಲಿಲ್ಲ. ಕಾಗುಣಿತವು ಜೋಗುಳದಂತೆ ನಡೆಯಿತು. ಆ ಕೋಣೆ ನೀರಿನ ಮೇಲೆ ಮೆಲ್ಲಗೆ ಹೊರಟ ದೋಣಿಯೆಂದೂ, ನಾವೆಲ್ಲ ಅದರಲ್ಲಿ ಕೂತು ಎಲ್ಲಿಗೋ ಹೋಗುತ್ತಿದ್ದೇವೆಂದೂ ನನಗೆ ಅನ್ನಿಸಿತು.

ಮೂರನೆಯ ಇಯತ್ತೆಯಲ್ಲಿ ಪ್ರಾಜಕ್ತಾ ಎಂಬ ಹುಡುಗಿಯಿದ್ದಳು. ಅವಳ ನಾಲಿಗೆ ಸುಮ್ಮನಿರದು. ಹಿಂತಿರುಗಿ ನೋಡಿದವಳು ಕಿಸಕ್ಕನೆ ನಕ್ಕು, "ಸರ್, ಪಾಲಕ ಬಾಡೇತ್ರಿ" ಎಂದಳು.

ಹುಡುಗರು ನಗಲು ಬಾಯಿ ತೆರೆದರು. ನಗು ಹೊರಡುವ ಮೊದಲೇ ಬುಟ್ಟಿಯ ಆ ಬದಿಯಿಂದ ಯಾರೋ ಮಾತನಾಡಿದರು.

"ಬಾಡಿಲ್ಲ. ನಿದ್ದಿ ಹತ್ತೇತಿ ಅದಕ್ಕ. ನೀರ ಹೊಡೀರಿ, ಎದ್ದ ಕುಂದ್ರತೈತಿ."

ಸಣ್ಣ ಧ್ವನಿ, ಆದರೆ ಏರಿಳಿತವೆಲ್ಲ ಸಕ್ಕುಬಾಯಿಯದೇ. ಅದೇ ಎಳೆತ, ಕೊನೆಯಲ್ಲಿ ಅದೇ ಖಾತ್ರಿ. ಬಾಗಿಲಿಂದ ಬಾಗಿಲಿಗೆ ಸೆರಗು ಹಿಡಿದು ನಡೆದವಳು ಬುಟ್ಟಿಯ ಕನ್ನಡವನ್ನೆಲ್ಲ ಕೂಡಿಟ್ಟುಕೊಂಡಿದ್ದಳು. ತಾಯಿಯನ್ನು ಕಾಯಬೇಕಾದ ಹೊತ್ತಿಗೆ ಅದು ಹೊರಗೆ ಬಂದಿತು.

ಯಾರೂ ನಗಲಿಲ್ಲ. ಭಾಗ್ಯಾ ಎದ್ದು ಮೂಲೆಯ ನೀರಿನ ಕೊಡದ ಹತ್ತಿರ ಹೋದಳು. ಬೆರಳದ್ದಿ ಬಂದು, ತಾಯಿಯ ಮುಖದ ಮೇಲೆ ಚಿಮುಕಿಸಿದಳು. ಸೂಡಿನ ಮೇಲೆ ಚಿಮುಕಿಸುವಂತೆಯೇ, ನಾಜೂಕಾಗಿ.

ಸಕ್ಕುಬಾಯಿ ಕಣ್ಣು ಬಿಟ್ಟಳು. "ಕೋಣ ಬೋಲಲಂ?" ಎಂದಳು. ಯಾರು ಮಾತಾಡಿದ್ದು? ಆಮೇಲೆ ತಾನು ಎಲ್ಲಿದ್ದೇನೆಂದು ನೆನಪಾಗಿ ಸೆರಗು ಸರಿಪಡಿಸಿಕೊಂಡಳು. "ತಪ್ಪ ಆತ್ರಿ ಗುರುಜಿ, ಕಣ್ಣ ಹತ್ತಿತು. ಸಪನದಾಗ ನಮ್ಮ ಭಾಗಿ ಕನ್ನಡ ಮಾತಾಡಿಧಂಗಾತ್ರಿ."

"ಸಪನ ಅಲ್ರಿ ಮಾವಶಿ!" ಎಂದು ಪ್ರಾಜಕ್ತಾ ಕುಣಿದಳು. "ಖರೇನ ಮಾತಾಡ್ಯಾಳ! ನನ್ನ ಕೂಡs ಜಗಳಾ ತಗದಾಳ!"

ಸಕ್ಕುಬಾಯಿ ಮಗಳನ್ನು ನೋಡಿದಳು. ಮುಖದ ಮೇಲಿನ ಹನಿಗಳನ್ನು ಅವಳು ಒರೆಸಿಕೊಳ್ಳಲಿಲ್ಲ. ಅವುಗಳ ಜೊತೆಗೆ ಬೇರೆ ಹನಿಗಳೂ ಸೇರಿಕೊಂಡವು.

ಆದರೆ ಗಂಗೂಬಾಯಿ ನಂಬಲಿಲ್ಲ. "ತಾಯಿ ಸಪನಾ ಕಂಡಾಳಂತ, ಮಾಸ್ತರ ಹೌದ ಅಂದಾನಂತ. ನನ್ನ ಕಿವೀಲೆ ಕೇಳೂ ತನಕ ನಾ ಒಪ್ಪಂಗಿಲ್ಲ" ಎಂದಳಂತೆ. ಒಂದು ಬೆಳಿಗ್ಗೆ ಅವಳೇ ಬಂದಳು, ಕೈಯಲ್ಲಿ ಹಲ್ಲಿಗೆ ತಿಕ್ಕುವ ತಂಬಾಕಿನ ಮಿಶ್ರಿಯ ಡಬ್ಬಿ, ಹಣೆಯಲ್ಲಿ ಕಾಸಗಲ ಕುಂಕುಮ.

"ಇವತ್ತ ಕುಂದ್ರೂ ಪಾಲಕ ನಾನs" ಎಂದು ಹೇಳಿ, ಸೊಸೆ ಕೂರುವ ಜಾಗದಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಳು. ಅಜ್ಜಿಯ ಕಣ್ಣು ತನ್ನ ಮೇಲಿರುವುದನ್ನು ಕಂಡ ಭಾಗ್ಯಾ ಗುಬ್ಬಿಯಂತೆ ಮುದುಡಿದಳು. ಬೆಳಗೆಲ್ಲ ತುಟಿ ಬಿಚ್ಚಲಿಲ್ಲ. ಹೊರಗೆ ಬೇವಿನ ಮರದಡಿ ಸಕ್ಕುಬಾಯಿ ನಿಂತಿದ್ದಳು. ಒಳಗೆ ಬರುವ ಧೈರ್ಯವಿಲ್ಲ, ಹೋಗಲು ಮನಸ್ಸಿಲ್ಲ.

ಮಧ್ಯಾಹ್ನ ಸಮೀಪಿಸಿದಾಗ ಗಂಗೂಬಾಯಿ ಒಮ್ಮೆ ಆಕಳಿಸಿದಳು. ಬೆನ್ನು ಗೋಡೆಗೆ ತಾಗಿತು. ಕಣ್ಣು ಮುಚ್ಚಿದಳು. ನಿಜವಾಗಿ ನಿದ್ದೆ ಬಂತೋ, ಇಲ್ಲವೋ, ಇಂದಿಗೂ ನನಗೆ ತಿಳಿಯದು.

ನಾನು ಸಪ್ಪಳ ಮಾಡದೆ ಚಿತ್ರದ ಕಾರ್ಡುಗಳನ್ನು ನೆಲದ ಮೇಲೆ ಹರಡಿದೆ. ಮಕ್ಕಳು ಪಿಸುಮಾತಿನಲ್ಲಿ ಒಬ್ಬೊಬ್ಬರಾಗಿ ಎತ್ತಿ ಓದಿದರು. ಪ್ರಾಜಕ್ತಾ ಒಂದು ಕಾರ್ಡನ್ನು ಭಾಗ್ಯಾಳ ಮುಂದೆ ಹಿಡಿದು, "ಇದ ನಿನ್ನ ಕಾರ್ಡ. ಹೇಳಲೇ, ಅಜ್ಜಿ ಮಲಗ್ಯಾಳ" ಎಂದಳು.

ಭಾಗ್ಯಾ ಅಜ್ಜಿಯನ್ನು ನೋಡಿದಳು, ಕಾರ್ಡನ್ನು ನೋಡಿದಳು, ಬಾಗಿಲಾಚೆ ನಿಂತ ತಾಯಿಯನ್ನು ನೋಡಿದಳು.

"ಪಾ" ಎಂದಳು. "ಪಾಟಿ."

ಇನ್ನೊಂದು ಕಾರ್ಡು. "ಬು. ಬುಟ್ಟಿ." ಮತ್ತೊಂದು. "ಹೊ. ಹೊಳಿ."

ಒಂದರ ಹಿಂದೆ ಒಂದು, ಹನಿ ಚಿಮುಕಿಸಿದಂತೆ ಶಬ್ದಗಳು ಬಿದ್ದವು. ಗಂಗೂಬಾಯಿಯ ಕಣ್ಣು ಮುಚ್ಚಿಯೇ ಇತ್ತು. ಆದರೆ ಮಿಶ್ರಿಯ ಡಬ್ಬಿಯ ಮೇಲೆ ಅವಳ ಬೆರಳು ಪ್ರತಿಯೊಂದು ಶಬ್ದಕ್ಕೂ ಮೆಲ್ಲಗೆ ತಾಳ ಹಾಕುತ್ತಿತ್ತು.

ಊಟದ ಗಂಟೆ ಬಾರಿಸಿದಾಗ ಅವಳು ಎದ್ದು ಸೀರೆ ಕೊಡವಿಕೊಂಡಳು. ಏನೂ ಆಗದವಳಂತೆ ಹೊರಗೆ ಬಂದು, ಸೊಸೆಯ ಮುಂದೆ ನಿಂತು, "ಹುಡುಗರು ಭಾಳ ಗದ್ದಲ ಮಾಡ್ತಾವ, ನಿದ್ದಿನs ಹತ್ತಲಿಲ್ಲ" ಎಂದು ಹೇಳಿ ಮನೆಯ ಹಾದಿ ಹಿಡಿದಳು.

ಪರೀಕ್ಷೆ ಮುಗಿದು ಶಾಲೆಗೆ ಸೂಟಿ ಬಿಟ್ಟ ದಿನ ಕುರುಂದವಾಡದ ಮಾವ ಮೋಟರ್ ಸೈಕಲ್ ಮೇಲೆ ಬಂದನಂತೆ. ಗಂಗೂಬಾಯಿ ಅವನಿಗೆ ಚಹಾ ಕೊಟ್ಟಳು, ಅವಲಕ್ಕಿ ಕೊಟ್ಟಳು. ಕೊನೆಗೆ ಸೊಸೆಯ ಬುಟ್ಟಿಗೆ ಕೈ ಹಾಕಿ ನಾಲ್ಕು ಸೂಡು ತೆಗೆದು ಅವನ ಮಡಿಲಿಗೆ ಇಟ್ಟಳು. "ಪೋರಿ ಬರಂಗಿಲ್ಲಪಾ. ಇಷ್ಟ ದೂರ ಬಂದದ್ದಕ್ಕ ಪಾಲಕ ಒಯ್ಯಿ." ಇದನ್ನು ಹೇಳುವಾಗ ರಾವಸಾಹೇಬ ನಗಲು ಹೋಗಿ ನಗಲಾರದೆ, ಟ್ರ್ಯಾಕ್ಟರಿನ ಚಕ್ರವನ್ನು ಸುಮ್ಮನೆ ಒದೆಯುತ್ತ ನಿಂತಿದ್ದ.

ಮುಂದಿನ ವರ್ಷ ಪಾಲಕರ ಸಭೆಗೆ ಕಾಗದ ಬಂದಾಗ ನಾನು ಹೆಚ್ಚು ಹೇಳಬೇಕಾಗಲಿಲ್ಲ. ಕುಂದ್ರೂ ಪಾಲಕ ಎಂಬ ಮಾತು ಅಷ್ಟರಲ್ಲಿ ತೋಟದಿಂದ ತೋಟಕ್ಕೆ, ಪ್ರಾಯಶಃ ಅದೇ ಬುಟ್ಟಿಯಲ್ಲಿ, ಹೋಗಿ ಮುಟ್ಟಿತ್ತು. ಕಬ್ಬು ಕಡಿಯುವವರು ಕೊಯ್ತಾ ಕತ್ತಿಯನ್ನು ಬದಿಗಿಟ್ಟು ಬಂದು ಒಂದಿಷ್ಟು ಹೊತ್ತು ಕೂತು ಹೋಗುವರು. ಒಬ್ಬ ತಾಯಿ ಬಂದರೆ ಅವಳ ತೊಡೆಯ ಮೇಲಿನ ಕೂಸೂ ಬರುವುದು. ಆಬಾಸಾಹೇಬರು ಒಮ್ಮೆ ಬಂದು, ಗೋಡೆಗೆ ಒರಗಿ, ಎಲ್ಲರಿಗಿಂತ ದೊಡ್ಡದಾಗಿ ಗೊರಕೆ ಹೊಡೆದರು. ಮಕ್ಕಳು ಕೊಡದತ್ತ ಓಡಿದರು. ನಾನು ತಡೆಯುವುದರೊಳಗೆ ಅಧ್ಯಕ್ಷರ ತಲೆಯ ರುಮಾಲು ತೊಯ್ದಿತ್ತು.

ಈಗ ನಾನು ನಿವೃತ್ತನಾಗಿ ಅದೇ ಮನೆಯಲ್ಲಿದ್ದೇನೆ. ಭಾಗ್ಯಾ ನಾಲ್ಕನೆಯ ಇಯತ್ತೆ. ಚಳಿಗಾಲದ ನಸುಕಿನಲ್ಲಿ ಎಚ್ಚರವೂ ಅಲ್ಲದ ನಿದ್ದೆಯೂ ಅಲ್ಲದ ಹೊತ್ತಿನಲ್ಲಿ ಹಾಸಿಗೆಯಲ್ಲಿ ಮಲಗಿರುವಾಗ ಮಂಜಿನೊಳಗಿನಿಂದ ಕೂಗು ಬರುತ್ತದೆ. ಮೇಥಿ, ಕೊತ್ತಂಬರಿ ಎಂದು ಒಂದು ಧ್ವನಿ. ಪಾಲಾಽಕ ಎಂದು ಇನ್ನೊಂದು, ಸಣ್ಣದು. ನನ್ನ ಹೆಂಡತಿ ಬಾಗಿಲು ತೆರೆದು, ಬುಟ್ಟಿಯನ್ನು ಸರಿಯಾಗಿ ನೋಡುವ ಮೊದಲೇ ಕೇಳುತ್ತಾಳೆ: "ಏನಬೇ, ಪಾಲಕ ಬಾಡೇತಲ್ಲ?"

ಇವತ್ತು ಉತ್ತರ ಯಾವ ಧ್ವನಿಯಲ್ಲಿ ಬರುವುದೆಂದು ನಾನು ಕಣ್ಣು ಮುಚ್ಚಿಕೊಂಡೇ ಕಿವಿಗೊಡುತ್ತೇನೆ.